ಸಣ್ಣ ಕಾರನ್ನು ಶ್ರುತಿಗೂಡಿಸುವುದು

ಶ್ರೀರಂಗಪಟ್ಟಣದಿಂದ ಪಾಂಡವಪುರದ ಮೂಲಕ ನಾಗಮಂಗಲಕ್ಕೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ ಒಂದು ದಿನ ಬೆಳಗ್ಗೆ ನಿಂತು ನೋಡಿದವರಿಗೆ, ಕಬ್ಬು ಹೇರಿದ ಟ್ರ್ಯಾಕ್ಟರುಗಳ ನಡುವೆ ನುಸುಳಿಕೊಂಡು ಹೋಗುವ ಹಳೆಯ ಮಾರುತಿ ೮೦೦ ಕಾರುಗಳು ಇಂದಿಗೂ ಕಣ್ಣಿಗೆ ಬೀಳುತ್ತವೆ. ಹಿಂಬದಿಯ ಬಾಗಿಲು ಗಾಜುಸಹಿತ ಮೇಲಕ್ಕೆ ತೆರೆದುಕೊಳ್ಳುವ ಈ ಪುಟ್ಟ ಕಾರಿನ ಮೊದಲನೆಯ ಬೀಗದ ಕೈ ಕೊಂಡವರ ಕೈಸೇರಿದ್ದು ೧೯೮೩ರ ಡಿಸೆಂಬರ್ ೧೪ರಂದು. ಇದರ ತಯಾರಿಕೆ ನಿಂತದ್ದು ೨೦೧೪ರ ಜನವರಿಯಲ್ಲಿ. ಮೂವತ್ತು ವರ್ಷಗಳ ಕಾಲ ತಯಾರಾದ ಈ ಕಾರುಗಳಲ್ಲಿ ಎಷ್ಟೋ ಇಂದು ಮೂರನೆಯ, ನಾಲ್ಕನೆಯ ಒಡೆಯರ ಕೈಯಲ್ಲಿವೆ. ಒಡೆಯರು ಬಹುಮಟ್ಟಿಗೆ ಎಳೆಯರು. ಅಗ್ಗದ ಬೆಲೆಗೆ ದೊರೆತ ಕಾರನ್ನು ತಮ್ಮದೇ ಆದ ರೀತಿಯಲ್ಲಿ ಸಿಂಗರಿಸಬೇಕು, ಅದರ ಎಂಜಿನ್ನಿನಿಂದ ಇನ್ನಷ್ಟು ಬಲವನ್ನು ಹಿಂಡಬೇಕು ಎಂಬ ಆಸೆ ಅವರಿಗೆ ಸಹಜ.

ಕೃಷ್ಣರಾಜಪೇಟೆಯ ಕಡೆಯಿಂದ ನಮ್ಮ ಕಾಲೇಜಿಗೆ ಬರುವ ಅಂತಿಮ ವರ್ಷದ ವಿದ್ಯಾರ್ಥಿಯೊಬ್ಬನು ಕಳೆದ ವರ್ಷ ಇಂತಹ ಆಸೆಯೊಂದನ್ನು ಹೊತ್ತು ನಮ್ಮಲ್ಲಿಗೆ ಬಂದನು. ಸೋದರಮಾವನಿಂದ ಬಂದ ಕಾರು, ೧೯೯೭ರ ಮಾದರಿ. ದೊಡ್ಡ ಚಕ್ರ, ೧೦೦ ವಾಟಿನ ದೀಪ, ಸೈಲೆನ್ಸರ್ ತೆಗೆದ ಹೊಗೆಕೊಳವೆ, ಕೆಂಪು ಹೊದಿಕೆಯ ಆಸನ, ಇವು ಅವನ ಪಟ್ಟಿಯಲ್ಲಿದ್ದವು. "ಇದರಲ್ಲಿ ಯಾವುದನ್ನ ಮೊದಲು ಮಾಡಲಿ ಸಾರ್?" ಎಂದು ಕೇಳಿದನು. ನಮ್ಮಲ್ಲಿಯೂ ಅದೇ ವರ್ಷದ ಅದೇ ಕಾರು ಇದ್ದುದರಿಂದ ಉತ್ತರವನ್ನು ಬಾಯಿಮಾತಿನಲ್ಲಿ ಕೊಡುವ ಬದಲು ಇಬ್ಬರೂ ಸೇರಿ ಲೆಕ್ಕಮಾಡಿ, ಅಳೆದು, ನೋಡಿ ತಿಳಿಯೋಣವೆಂದೆವು. ಆ ಎರಡು ಮೂರು ತಿಂಗಳ ಭಾನುವಾರಗಳಲ್ಲಿ ತಿಳಿದುಬಂದ ಸಂಗತಿಗಳನ್ನು ಇಲ್ಲಿ ವಾಚಕರ ಮುಂದೆ ಇಡುತ್ತಿದ್ದೇವೆ. ನಾವು ಮೆಕ್ಯಾನಿಕ್ಕರಲ್ಲ, ಭೌತಶಾಸ್ತ್ರವನ್ನು ಬೋಧಿಸುವವರು ಎಂಬುದನ್ನು ಮಾತ್ರ ಅವರು ಮರೆಯಬಾರದು.

ಮೊದಲು ಎಂಜಿನ್ನನ್ನು ನೋಡೋಣ. ಇದರಲ್ಲಿ ಮೂರು ಸಿಲಿಂಡರುಗಳಿವೆ. ಒಂದೊಂದರ ಒಳವ್ಯಾಸ ೬೮.೫ ಮಿಲಿಮೀಟರು; ಪಿಸ್ಟನ್ನು ಎಂಬ ಕೊಂತವು ಮೇಲಿನಿಂದ ಕೆಳಕ್ಕೆ ಸರಿಯುವ ದೂರ ೭೨ ಮಿಲಿಮೀಟರು. ವೃತ್ತದ ವಿಸ್ತೀರ್ಣವನ್ನು ಈ ದೂರದಿಂದ ಗುಣಿಸಿ ಮೂರರಿಂದ ಗುಣಿಸಿದರೆ ೭೯೬ ಘನ ಸೆಂಟಿಮೀಟರು ಬರುತ್ತದೆ. ಕಾರಿನ ಹೆಸರಿನಲ್ಲಿರುವ ೮೦೦ ಎಂಬುದು ಇದೇ. ಕ್ರ್ಯಾಂಕು ದಂಡ ಎರಡು ಸುತ್ತು ತಿರುಗುವಷ್ಟರಲ್ಲಿ ಎಂಜಿನ್ನು ಇಷ್ಟು ಗಾತ್ರದ ಗಾಳಿಯನ್ನು ಒಮ್ಮೆ ಒಳಕ್ಕೆಳೆದುಕೊಳ್ಳುತ್ತದೆ. ನಿಮಿಷಕ್ಕೆ ೩,೦೦೦ ಸುತ್ತಿನ ವೇಗದಲ್ಲಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ, ಹೆಚ್ಚೆಂದರೆ ನಿಮಿಷಕ್ಕೆ ಸುಮಾರು ೧,೨೦೦ ಲೀಟರು ಗಾಳಿ ಅದಕ್ಕೆ ಬೇಕಾದೀತು. ಎಂಜಿನ್ನೆಂಬುದು ಪೆಟ್ರೋಲು ಕುಡಿಯುವ ಯಂತ್ರವೆಂದು ಜನ ತಿಳಿದಿದ್ದಾರೆ. ಅದು ಮುಖ್ಯವಾಗಿ ಗಾಳಿಯನ್ನು ಉಸಿರಾಡುವ ಯಂತ್ರ. ಪೆಟ್ರೋಲು ಗಾಳಿಯ ಬೆನ್ನು ಹಿಡಿದು ಬರುತ್ತದೆ, ಅಷ್ಟೆ.

ಆದುದರಿಂದ ನಾವು ಮಾಡಿದ ಮೊದಲನೆಯ ಕೆಲಸವೆಂದರೆ ಗಾಳಿ ಸೋಸುವ ಫಿಲ್ಟರನ್ನು ಬಿಚ್ಚಿ ನೋಡಿದುದು. ನಾಗಮಂಗಲದ ಸುತ್ತಮುತ್ತ ಸುಗ್ಗಿಯ ಕಾಲದಲ್ಲಿ ರಾಗಿಯನ್ನೂ ಹುರುಳಿಯನ್ನೂ ರಸ್ತೆಯ ಮೇಲೆ ಹರವಿ, ಹೋಗಿಬರುವ ವಾಹನಗಳಿಂದಲೇ ಒಕ್ಕಣೆ ಮಾಡಿಸುವುದನ್ನು ವಾಚಕರು ಕಂಡಿರಬಹುದು. ಆ ಧೂಳೆಲ್ಲ ನಮ್ಮ ಫಿಲ್ಟರಿನ ಮಡಿಕೆಗಳಲ್ಲಿ ಬೆಲ್ಲದ ಬಣ್ಣದ ಪದರವಾಗಿ ಕುಳಿತಿತ್ತು. ಹೊಸದೊಂದನ್ನು ಹಾಕಿದೊಡನೆ ಕಾರಿನ ನಡಿಗೆಯೇ ಬದಲಾಯಿತು. (ಒಕ್ಕಣೆಯ ಹುಲ್ಲಿನ ಮೇಲೆ ಕಾರು ಓಡಿಸುವುದರಲ್ಲಿ ಧೂಳಿಗಿಂತ ದೊಡ್ಡ ಅಪಾಯವೊಂದುಂಟು. ಹುರುಳಿಯ ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡು, ಕಾದ ಹೊಗೆಕೊಳವೆಗೆ ತಗುಲಿ ಹೊತ್ತಿಕೊಳ್ಳುತ್ತದೆ. ಹೀಗೆ ಉರಿದುಹೋದ ಕಾರುಗಳಿವೆ. ಸುತ್ತಿ ಹೋಗುವ ದಾರಿಯಿದ್ದರೆ ಸುತ್ತಿ ಹೋಗುವುದೇ ಲೇಸು.)

ಇನ್ನು ಗಾಳಿ ಪೆಟ್ರೋಲುಗಳ ಪ್ರಮಾಣ. ಒಂದು ಗ್ರಾಂ ಶುದ್ಧ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು ೧೪.೭ ಗ್ರಾಂ ಗಾಳಿ ಬೇಕು. ೨೦೦೦ದ ಬಳಿಕ ಬಂದ ೮೦೦ ಕಾರುಗಳಲ್ಲಿ ಇಂಧನವನ್ನು ಸೂಜಿಮೊನೆಯಂತಹ ರಂಧ್ರಗಳಿಂದ ಚಿಮ್ಮಿಸುವ ವಿದ್ಯುನ್ಮಾನ ಏರ್ಪಾಡು ಉಂಟು. ಅಲ್ಲಿ ನಾವು ತಿರುಗಿಸಬೇಕಾದ ತಿರುಪು ಯಾವುದೂ ಇಲ್ಲ. ನಮ್ಮ ೧೯೯೭ರ ಕಾರಿನಲ್ಲಿರುವುದು ಕಾರ್ಬ್ಯುರೇಟರು. ಇದರ ತತ್ತ್ವ ಬಹು ಸರಳವಾದುದು. ಗಾಳಿ ಇಕ್ಕಟ್ಟಾದ ಕಂಠದ ಮೂಲಕ ರಭಸದಿಂದ ಹಾಯುವಾಗ ಅಲ್ಲಿ ಒತ್ತಡ ಕುಗ್ಗುತ್ತದೆ. ಕುಗ್ಗಿದ ಒತ್ತಡದ ಕಡೆಗೆ ಪೆಟ್ರೋಲು ಸಣ್ಣ ರಂಧ್ರದಿಂದ ಎಳೆಯಲ್ಪಟ್ಟು ತುಂತುರಾಗಿ ಗಾಳಿಯೊಡನೆ ಬೆರೆಯುತ್ತದೆ. ಪಿ.ಯು.ಸಿ. ತರಗತಿಯಲ್ಲಿ ಬರ್ನೂಲಿಯ ಸೂತ್ರವನ್ನು ಕಲಿತವರಿಗೆ ಇದು ಹೊಸತಲ್ಲ.

ಆದರೆ ಕಾರ್ಬ್ಯುರೇಟರಿಗೆ ಗಾಳಿಯ ತೂಕ ತಿಳಿಯದು, ಗಾತ್ರ ಮಾತ್ರ ತಿಳಿಯುವುದು. ಇಲ್ಲಿಯೇ ನಮ್ಮ ಸೀಮೆಯ ವಿಶೇಷವೊಂದು ಸೇರಿಕೊಳ್ಳುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ಊರುಗಳೂ ಸಮುದ್ರಮಟ್ಟದಿಂದ ಹೆಚ್ಚುಕಡಮೆ ೬೫೦ರಿಂದ ೮೫೦ ಮೀಟರು ಎತ್ತರದಲ್ಲಿವೆ. ೭೫೦ ಮೀಟರಿನಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದಲ್ಲಿರುವುದಕ್ಕಿಂತ ಸುಮಾರು ಶೇಕಡ ೭ರಷ್ಟು ಕಡಮೆ. ಎಂಜಿನ್ನು ಎಳೆದುಕೊಳ್ಳುವ ಗಾಳಿಯ ಗಾತ್ರ ಅದೇ ಆದರೂ ತೂಕ ಶೇಕಡ ೭ರಷ್ಟು ಇಳಿಯಿತು. ಪೆಟ್ರೋಲು ಎಷ್ಟು ಇಳಿಯಿತು? ಕಂಠದಲ್ಲಿನ ಒತ್ತಡದ ವ್ಯತ್ಯಾಸವು ಗಾಳಿಯ ಸಾಂದ್ರತೆಗೆ ಅನುಪಾತದಲ್ಲಿರುತ್ತದೆ. ರಂಧ್ರದ ಮೂಲಕ ಹರಿಯುವ ದ್ರವವಾದರೋ ಆ ವ್ಯತ್ಯಾಸದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಆದುದರಿಂದ ಪೆಟ್ರೋಲು ಇಳಿಯುವುದು ಶೇಕಡ ಮೂರೂವರೆ ಮಾತ್ರ. ಅಂದರೆ, ಚೆನ್ನೈಯಂತಹ ಕಡಲತೀರದ ಊರಿನಲ್ಲಿ ಸರಿಯಾಗಿ ಹೊಂದಿಸಿದ ಕಾರ್ಬ್ಯುರೇಟರು ನಮ್ಮೂರಿಗೆ ಬಂದಾಗ ಬೇಕಾದುದಕ್ಕಿಂತ ಶೇಕಡ ಮೂರೂವರೆಯಿಂದ ನಾಲ್ಕರಷ್ಟು ಹೆಚ್ಚು ಪೆಟ್ರೋಲನ್ನು ಬಡಿಸುತ್ತದೆ. ಸುಮಾರು ೧,೦೦೦ ಮೀಟರು ಎತ್ತರದ ಮೇಲುಕೋಟೆಯಲ್ಲಿ ಅದು ಶೇಕಡ ೫ಕ್ಕೆ ಏರುತ್ತದೆ.

ಇಷ್ಟರಿಂದಲೇ ತಿರುಪನ್ನು ತಿರುಗಿಸಿ ಪೆಟ್ರೋಲನ್ನು ಕಡಮೆ ಮಾಡಬೇಕೆಂದು ಹೊರಟಿದ್ದರೆ ನಾವು ತಪ್ಪು ಮಾಡುತ್ತಿದ್ದೆವು. ಏಕೆಂದರೆ ಈಗ ಬಂಕುಗಳಲ್ಲಿ ದೊರೆಯುವ ಪೆಟ್ರೋಲು ೧೯೯೭ರ ಪೆಟ್ರೋಲಲ್ಲ. ಅದರಲ್ಲಿ ಶೇಕಡ ೨೦ರಷ್ಟು ಎಥೆನಾಲ್ ಎಂಬ ಮದ್ಯಸಾರ ಬೆರೆತಿದೆ. ಈ ಮಿಶ್ರಣವನ್ನು ೨೦೨೩ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ೨೦೨೫ರ ಹೊತ್ತಿಗೆ ಅದು ದೇಶದಲ್ಲೆಲ್ಲ ಹರಡಿತು. ಎಥೆನಾಲನ್ನು ಕಬ್ಬಿನ ರಸದಿಂದಲೂ ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದಲೂ ಧಾನ್ಯಗಳಿಂದಲೂ ಪಡೆಯುತ್ತಾರೆ. ಹೀಗಾಗಿ ನಾಲೆಯ ನೀರು ಕುಡಿದು ಬೆಳೆದ ಕಬ್ಬಿನ ಸಾರ, ಆ ಕಬ್ಬಿನ ಗದ್ದೆಗಳ ಪಕ್ಕದಲ್ಲೇ ಓಡುವ ಕಾರಿನ ಟ್ಯಾಂಕಿಗೆ ಬಂದು ಸೇರುವ ಸಂಭವವುಂಟು.

ಎಥೆನಾಲಿನ ಅಣುವಿನೊಳಗೇ ಆಮ್ಲಜನಕವಿರುವುದರಿಂದ ಅದು ಉರಿಯಲು ಹೊರಗಿನ ಗಾಳಿ ಅಷ್ಟಾಗಿ ಬೇಡ. ಒಂದು ಗ್ರಾಮಿಗೆ ೯ ಗ್ರಾಂ ಗಾಳಿ ಸಾಕು. ಶೇಕಡ ೨೦ರ ಮಿಶ್ರಣಕ್ಕೆ ಲೆಕ್ಕ ಹಾಕಿದರೆ ೧೩.೫ ಬರುತ್ತದೆ. ೧೪.೭ಕ್ಕೆಂದು ಹೊಂದಿಸಿದ ಕಾರ್ಬ್ಯುರೇಟರು ಈ ಹೊಸ ಇಂಧನಕ್ಕೆ ಶೇಕಡ ೮ರಷ್ಟು ಹೆಚ್ಚು ಗಾಳಿಯನ್ನು ಬೆರಸಿದಂತಾಯಿತು. ಈಗ ಎರಡು ಲೆಕ್ಕಗಳನ್ನೂ ಕೂಡಿಸಿ ನೋಡಿ. ನಮ್ಮೂರಿನ ಎತ್ತರ ಪೆಟ್ರೋಲನ್ನು ಸುಮಾರು ಶೇಕಡ ೪ರಷ್ಟು ಹೆಚ್ಚಿಸಿತು. ಎಥೆನಾಲು ಶೇಕಡ ೮ರಷ್ಟು ಕೊರತೆ ಮಾಡಿತು. ಉಳಿದ ಕೊರತೆ ಶೇಕಡ ೪. ಎತ್ತರದ ದೋಷ ಇಂಧನದ ದೋಷವನ್ನು ಅರ್ಧ ತಿಂದುಹಾಕಿತು! ಮಂಗಳೂರಿನಲ್ಲಿ ಇದೇ ಕಾರನ್ನು ಓಡಿಸುವವರಿಗೆ ಈ ಅನುಕೂಲವಿಲ್ಲ.

ಮಿಶ್ರಣದಲ್ಲಿ ಎಥೆನಾಲು ನಿಜವಾಗಿ ಎಷ್ಟಿದೆಯೆಂಬುದನ್ನು ಕಾಲೇಜಿನ ಅಳತೆಯ ಜಾಡಿಯೊಂದರಿಂದ ಕಂಡುಕೊಳ್ಳಬಹುದು. ಜಾಡಿಯಲ್ಲಿ ೨೦ ಮಿಲಿಲೀಟರು ನೀರು, ಅದರ ಮೇಲೆ ೮೦ ಮಿಲಿಲೀಟರು ಪೆಟ್ರೋಲು ಹಾಕಿ, ಮುಚ್ಚಿ ಅಲುಗಾಡಿಸಿ ನಿಲ್ಲಿಸಬೇಕು. ಎಥೆನಾಲಿಗೆ ಪೆಟ್ರೋಲಿಗಿಂತ ನೀರಿನ ಸ್ನೇಹ ಹೆಚ್ಚು. ಅದು ಪೆಟ್ರೋಲನ್ನು ಬಿಟ್ಟು ಕೆಳಗಿನ ನೀರಿಗಿಳಿಯುತ್ತದೆ. ೨೦ರಲ್ಲಿದ್ದ ನೀರಿನ ಗೆರೆ ೩೬ರ ಹತ್ತಿರಕ್ಕೆ ಏರಿದರೆ ಮಿಶ್ರಣ ಶೇಕಡ ೨೦ರದು. ನಮಗೆ ಬಂದದ್ದು ೩೫. ಈ ಪ್ರಯೋಗವನ್ನು ಬಯಲಿನಲ್ಲಿಯೇ, ಬೆಂಕಿ, ಬೀಡಿ, ವಿದ್ಯುತ್ ಸ್ವಿಚ್ಚುಗಳಿಂದ ದೂರದಲ್ಲಿಯೇ ಮಾಡತಕ್ಕದ್ದು. ನೀರಿನ ಈ ಸ್ನೇಹವೇ ಹಳೆಯ ಕಾರಿಗೆ ಒಂದು ಪೀಡೆ. ತಿಂಗಳುಗಟ್ಟಲೆ ನಿಲ್ಲಿಸಿದ ಕಾರಿನ ಟ್ಯಾಂಕಿನಲ್ಲಿ ಇಂಧನವು ಗಾಳಿಯ ತೇವವನ್ನು ಹೀರುತ್ತದೆ, ತುಕ್ಕನ್ನು ಬೆಳಸುತ್ತದೆ. ಹಳೆಯ ರಬ್ಬರು ಕೊಳವೆಗಳು ಉಬ್ಬಿ ಬಿರಿಯುತ್ತವೆ. ನಮ್ಮ ಕಾರಿನ ಇಂಧನದ ಕೊಳವೆಗಳನ್ನೆಲ್ಲ ಎಥೆನಾಲಿಗೆ ಒಗ್ಗುವ ಜಾತಿಯವಕ್ಕೆ ಬದಲಿಸಿದೆವು. ಶೃಂಗಾರಕ್ಕೆ ಕಾಸು ತೆಗೆದಿಡುವ ಮೊದಲು ಇದಕ್ಕೆ ತೆಗೆದಿಡಬೇಕು. ಒಂದು ಲೀಟರು ಮಿಶ್ರಣದಲ್ಲಿರುವ ಉಷ್ಣಶಕ್ತಿ ಶುದ್ಧ ಪೆಟ್ರೋಲಿನದಕ್ಕಿಂತ ಶೇಕಡ ೬ರಿಂದ ೭ರಷ್ಟು ಕಡಮೆಯಾದುದರಿಂದ, ಮೈಲೇಜು ಅಷ್ಟು ಇಳಿದರೆ ಅದಕ್ಕಾಗಿ ಮೆಕ್ಯಾನಿಕ್ಕನನ್ನು ದೂರುವಂತಿಲ್ಲ.

ಎಂಜಿನ್ನು ತಿನ್ನುತ್ತಿರುವ ಊಟ ಅದಕ್ಕೆ ಒಗ್ಗಿದೆಯೇ ಎಂಬುದನ್ನು ಪ್ಲಗ್ಗಿನ ಮೂತಿ ಹೇಳುತ್ತದೆ. ವೈದ್ಯರು ನಾಲಗೆಯನ್ನು ನೋಡುವಂತೆ ಇದನ್ನು ನೋಡಬೇಕು. ತಿಳಿಗಂದು ಬಣ್ಣವಿದ್ದರೆ ಸರಿ. ಕಪ್ಪು ಮಸಿ ಕಟ್ಟಿದ್ದರೆ ಪೆಟ್ರೋಲು ಹೆಚ್ಚು. ಸುಣ್ಣದಂತೆ ಬಿಳಿಚಿದ್ದರೆ ಪೆಟ್ರೋಲು ಕಡಮೆಯಾಗಿ ಬಿಸಿ ಮೀರಿದೆ. ನಮ್ಮ ಮೂರು ಪ್ಲಗ್ಗುಗಳಲ್ಲಿ ಎರಡು ಬಿಳಿಚಿದ್ದವು. ಕಾರ್ಬ್ಯುರೇಟರಿನ ತಿರುಪನ್ನು ಎಂಜಿನ್ನು ಚೆನ್ನಾಗಿ ಕಾದ ಮೇಲೆ ಕಾಲು ಸುತ್ತಿನಂತೆ ಹೊರಕ್ಕೆ ಬಿಡುತ್ತ, ನಡಿಗೆ ಅತ್ಯಂತ ಸಮವಾದೆಡೆಯಲ್ಲಿ ನಿಲ್ಲಿಸಿದೆವು. ಈ ತಿರುಪು ಎಂಜಿನ್ನಿನ ನಿಲುಗಡೆಯ ನಡಿಗೆಯನ್ನು ಮಾತ್ರ ತಿದ್ದುತ್ತದೆ. ಓಟದ ವೇಳೆಯ ಪ್ರಮಾಣ ಜೆಟ್ ಎಂಬ ರಂಧ್ರದಿಂದ ನಿರ್ಧಾರವಾಗುತ್ತದೆ, ಅದನ್ನು ಮುಟ್ಟುವುದು ನುರಿತವರ ಕೆಲಸ. ತಿದ್ದಿದ ಬಳಿಕ ಹೊಗೆ ತಪಾಸಣೆಯ ಕೇಂದ್ರಕ್ಕೆ ಹೋಗಿ ಇಂಗಾಲದ ಮಾನಾಕ್ಸೈಡನ್ನು ಅಳೆಸಿದೆವು. ಈ ಕಾಲದ ಕಾರುಗಳಿಗೆ ಅದು ಶೇಕಡ ೩ನ್ನು ಮೀರಬಾರದೆಂದು ನಿಯಮ. ಬಣ್ಣವಿಲ್ಲದ, ವಾಸನೆಯಿಲ್ಲದ ಈ ಅನಿಲ ಮನುಷ್ಯರನ್ನು ನಿದ್ದೆಯಲ್ಲೇ ಕೊಲ್ಲಬಲ್ಲುದು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ನನ್ನು ಓಡಿಸಿ ಶ್ರುತಿ ಮಾಡಲು ಎಂದೂ ಕೂರಬಾರದು.

ಕಿಡಿಯ ಹೊತ್ತಿನ ವಿಷಯವನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇವೆ. ಸಿಲಿಂಡರಿನೊಳಗಿನ ಮಿಶ್ರಣ ಸಿಡಿಮದ್ದಿನಂತೆ ಒಮ್ಮೆಗೇ ಹೊತ್ತಿಕೊಳ್ಳುವುದಿಲ್ಲ. ಜ್ವಾಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹರಡಲು ಎರಡು ಮಿಲಿಸೆಕೆಂಡಿನ ಸುಮಾರು ಬೇಕು. ನಿಮಿಷಕ್ಕೆ ೩,೦೦೦ ಸುತ್ತಿನಲ್ಲಿ ಒಂದು ಮಿಲಿಸೆಕೆಂಡಿಗೆ ಕ್ರ್ಯಾಂಕು ೧೮ ಡಿಗ್ರಿ ತಿರುಗುವುದರಿಂದ, ಕಿಡಿಯನ್ನು ಪಿಸ್ಟನ್ನು ತುದಿ ಮುಟ್ಟುವ ಮುನ್ನವೇ ಹಾರಿಸಬೇಕಾಗುತ್ತದೆ. ವೇಗ ಹೆಚ್ಚಿದಂತೆ ಇದನ್ನು ಮುಂದಕ್ಕೆ ತಳ್ಳುವ ಏರ್ಪಾಡು ಡಿಸ್ಟ್ರಿಬ್ಯೂಟರಿನೊಳಗೇ ಉಂಟು. ಕೈಪಿಡಿಯಲ್ಲಿ ಹೇಳಿದ ಗುರುತಿಗೆ ಹೊಂದಿಸಿ ಬಿಟ್ಟುಬಿಡಬೇಕು. ಏರಿನಲ್ಲಿ ಎಂಜಿನ್ನಿನಿಂದ ಗೋಲಿ ಅಲುಗಿಸಿದಂತಹ ಸದ್ದು ಬಂದರೆ ಕಿಡಿ ಬೇಗನೆ ಹಾರುತ್ತಿದೆ ಎಂದರ್ಥ. ಎಥೆನಾಲಿಗೆ ಈ ಸದ್ದನ್ನು ಅಡಗಿಸುವ ಗುಣವಿದೆ. ಹೊಸ ಇಂಧನದ ಪರವಾಗಿ ಹೇಳಬಹುದಾದ ಒಳ್ಳೆಯ ಮಾತುಗಳಲ್ಲಿ ಇದೊಂದು.

ಹುಡುಗನಿಗೆ ಈ ಕೆಲಸಗಳಲ್ಲಿ ರುಚಿ ಹುಟ್ಟಲಿಲ್ಲವೆಂದು ಹೇಳಲಾರೆವು. ಆದರೆ ಅವನ ಮನಸ್ಸೆಲ್ಲ ಚಕ್ರಗಳ ಮೇಲಿತ್ತು. ಒಂದು ಸೋಮವಾರ ಬಂದಾಗ ಕಾರು ಹೊಸ ಚಕ್ರಗಳ ಮೇಲೆ ನಿಂತಿತ್ತು. ಕಾರ್ಖಾನೆಯಿಂದ ಬಂದ ಟೈರಿನ ಮೇಲೆ ೧೪೫/೭೦, ೧೨ ಎಂದು ಬರೆದಿರುತ್ತದೆ. ಅಗಲ ೧೪೫ ಮಿಲಿಮೀಟರು, ಎತ್ತರ ಆ ಅಗಲದ ಶೇಕಡ ೭೦, ಒಳಗಿನ ರಿಮ್ಮಿನ ವ್ಯಾಸ ೧೨ ಅಂಗುಲ ಎಂದು ಇದರ ಅರ್ಥ. ೧೨ ಅಂಗುಲವೆಂದರೆ ೩೦೫ ಮಿಲಿಮೀಟರು. ಮೇಲೆ ಕೆಳಗೆ ಟೈರಿನ ೧೦೧.೫ ಮಿಲಿಮೀಟರು ಸೇರಿ ಒಟ್ಟು ೫೦೮. ಅವನು ಹಾಕಿಸಿದ್ದು ೧೬೫/೬೫, ೧೩. ಇದನ್ನೂ ಹಾಗೆಯೇ ಲೆಕ್ಕ ಹಾಕಿದರೆ ವ್ಯಾಸ ೫೪೫ ಆಗುತ್ತದೆ. ಮೊದಲಿನದಕ್ಕಿಂತ ಶೇಕಡ ೭ಕ್ಕಿಂತ ತುಸು ಹೆಚ್ಚು.

ಇದರ ಪರಿಣಾಮಗಳು ಒಂದರ ಹಿಂದೆ ಒಂದು ಬರುತ್ತವೆ. ವೇಗಮಾಪಕ ಎಣಿಸುವುದು ಚಕ್ರದ ಸುತ್ತನ್ನೇ ಹೊರತು ರಸ್ತೆಯನ್ನಲ್ಲ. ಮುಳ್ಳು ೮೦ ತೋರಿಸುವಾಗ ಕಾರು ೮೫ಕ್ಕಿಂತ ಹೆಚ್ಚು ವೇಗದಲ್ಲಿರುತ್ತದೆ. ಎಂಜಿನ್ನು ಚಕ್ರವನ್ನು ತಿರುಚುವ ಬಲ ಅಷ್ಟೇ ಇದ್ದು ತ್ರಿಜ್ಯ ಹೆಚ್ಚಿದುದರಿಂದ ರಸ್ತೆಯ ಮೇಲೆ ತಳ್ಳುವ ಬಲ ಶೇಕಡ ೭ರಷ್ಟು ಇಳಿಯುತ್ತದೆ. ೪೦ ಅಶ್ವಶಕ್ತಿಯನ್ನೂ ಮುಟ್ಟದ ಎಂಜಿನ್ನಿಗೆ ಇದು ಸಣ್ಣ ನಷ್ಟವಲ್ಲ. ಬಲ ಹೆಚ್ಚಿಸಲೆಂದು ನಾವು ಇಷ್ಟುದಿನ ಮಾಡಿದ್ದೆಲ್ಲವೂ ಇದರಲ್ಲಿ ಹೋಯಿತು. ಬ್ರೇಕಿಗೂ ಇದೇ ಗತಿ: ಅದೇ ಒತ್ತಿಗೆ ರಸ್ತೆಯಲ್ಲಿ ದೊರೆಯುವ ತಡೆ ಅಷ್ಟು ಕಡಮೆ. ಹುಡುಗನ ತಂದೆಯವರ ಆಲೆಮನೆಯ ತಕ್ಕಡಿಯಲ್ಲಿ ತೂಗಿಸಿದಾಗ ಹೊಸ ಚಕ್ರ ಹಳೆಯದಕ್ಕಿಂತ ಎರಡೂವರೆ ಕಿಲೋಗ್ರಾಂ ಹೆಚ್ಚಿತ್ತು. ಈ ತೂಕ ಸ್ಪ್ರಿಂಗಿನ ಕೆಳಗಿರುವುದರಿಂದ ರಸ್ತೆಯ ಪ್ರತಿಯೊಂದು ಉಬ್ಬಿನಲ್ಲಿಯೂ ಅದನ್ನು ಮೇಲೆತ್ತಿ ಕೆಳಗಿಳಿಸಬೇಕು. ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಾಗ ಟೈರು ಒಳಗಿನ ತಗಡಿಗೆ ಉಜ್ಜುತ್ತಿದ್ದುದನ್ನು ಅವನು ತಾನೇ ತೋರಿಸಿದನು.

ಚಕ್ರದ ಮಾತು ಬಂದುದರಿಂದ ಅದರ ದಿಕ್ಕಿನ ಮಾತನ್ನೂ ಹೇಳಿಬಿಡಬೇಕು. ಕಾರಿನ ಎರಡು ಪಕ್ಕಗಳಲ್ಲಿ ದಾರ ಕಟ್ಟಿ, ಮುಂದಿನ ಚಕ್ರದ ರಿಮ್ಮಿನ ಮುಂತುದಿಗೂ ಹಿಂತುದಿಗೂ ಇರುವ ಅಂತರವನ್ನು ಅಳತೆಪಟ್ಟಿಯಿಂದ ನೋಡಿದರೆ ಚಕ್ರ ನೇರವಾಗಿದೆಯೇ ಎಂಬುದು ತಿಳಿಯುತ್ತದೆ. ಚಕ್ರದ ಪೂರ್ತಿ ವ್ಯಾಸದುದ್ದಕ್ಕೆ ೨ ಮಿಲಿಮೀಟರಿನಷ್ಟು ಓರೆಯಿದ್ದರೆ ಏನು ಮಹಾ ಎನ್ನಿಸಬಹುದು. ೨ನ್ನು ೫೦೮ರಿಂದ ಭಾಗಿಸಿ ನೋಡಿ: ಕಾರು ಒಂದು ಕಿಲೋಮೀಟರು ಮುಂದೆ ಹೋದಾಗ ಆ ಚಕ್ರ ಸುಮಾರು ೪ ಮೀಟರು ಅಡ್ಡಡ್ಡಲಾಗಿ ಉಜ್ಜಿಕೊಂಡು ಬಂದಿರುತ್ತದೆ. ಟೈರು ಸವೆಯುವುದು ಹೀಗೆ. ಕಾರು ಒಂದು ಕಡೆಗೆ ಎಳೆಯುವುದೂ ಹೀಗೆ. ನಮ್ಮ ತಾಲ್ಲೂಕುಗಳಲ್ಲಿ ರಸ್ತೆಗಳು ನಾಲೆಗಳ ಏರಿಯ ಮೇಲೆ ಹೋಗುತ್ತವೆ. ೨೦೧೮ರ ನವೆಂಬರ್ ೨೪ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ ೩೦ ಮಂದಿ ಪ್ರಾಣ ಕಳೆದುಕೊಂಡರು. ಆ ರಸ್ತೆಗಳಲ್ಲಿ ಓಡಾಡುವವರಿಗೆ, ಸ್ಟೀರಿಂಗನ್ನು ಬಿಟ್ಟರೆ ಕಾರು ಯಾವ ಕಡೆಗೆ ವಾಲುತ್ತದೆ ಎಂಬುದು ಟೈರಿನ ಬೆಲೆಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ.

ಇನ್ನು ದೀಪ. ಕಬ್ಬು ಅರೆಯುವ ಕಾಲದಲ್ಲಿ ಹಿಂಬದಿಗೆ ಕೆಂಪು ದೀಪವಿಲ್ಲದ ಟ್ರೇಲರುಗಳು ರಾತ್ರಿ ರಸ್ತೆಯಲ್ಲಿ ನಿಂತಿರುವುದನ್ನು ಬಲ್ಲವರಿಗೆ ಹುಡುಗನ ೧೦೦ ವಾಟಿನ ಆಸೆ ಅರ್ಥವಾಗದಿರದು. ಆ ಆಸೆ ನಮಗೂ ಇತ್ತು. ಕಾರಿನ ತಂತಿಗಳು ೬೦ ಮತ್ತು ೫೫ ವಾಟಿನ ಬಲ್ಬಿಗೆಂದು ಎಳೆದವು. ೫೫ ವಾಟಿಗೆ ೧೨ ವೋಲ್ಟಿನಲ್ಲಿ ೪.೬ ಆಂಪಿಯರು ಹರಿಯುತ್ತದೆ. ೯೦ ವಾಟಿಗೆ ೭.೫. ತಂತಿಯಲ್ಲಿ ಹುಟ್ಟುವ ಬಿಸಿ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಅದು ಎರಡೂವರೆ ಪಾಲಿಗೂ ಮಿಕ್ಕಿ ಏರುತ್ತದೆ. ಪ್ಲಾಸ್ಟಿಕ್ಕಿನ ಹಿಡಿಕೆ ಕರಗುವುದು, ಕೆಲವೊಮ್ಮೆ ಹೊತ್ತಿಕೊಳ್ಳುವುದು ಇದರಿಂದಲೇ. ಎದುರು ಬರುವವರ ಕಣ್ಣು ಕುಕ್ಕುವುದು ಬೇರೆ. ಇದು ನಿಯಮಕ್ಕೂ ವಿರುದ್ಧ.

ಬಲ್ಬು ಬದಲಿಸದೆಯೇ ಬೆಳಕನ್ನು ಹೆಚ್ಚಿಸುವ ಉಪಾಯವೊಂದಿದೆ. ಈ ಮೂರು ತಿಂಗಳಲ್ಲಿ ನಮಗೆ ಅತ್ಯಂತ ಸಂತೋಷ ಕೊಟ್ಟ ಪ್ರಯೋಗ ಇದು. ತಂತುವಿನ ದೀಪದ ಬೆಳಕು ವೋಲ್ಟೇಜಿನೊಡನೆ ಸಮವಾಗಿ ಏರಿಳಿಯುವುದಿಲ್ಲ; ಅದರ ೩.೪ನೆಯ ಘಾತದಷ್ಟು ಏರಿಳಿಯುತ್ತದೆ. ವೋಲ್ಟೇಜು ಶೇಕಡ ೧೦ರಷ್ಟು ಕುಗ್ಗಿದರೆ ಬೆಳಕು ಶೇಕಡ ೩೦ರಷ್ಟು ಕುಗ್ಗುತ್ತದೆ. ಎಂಜಿನ್ನು ಓಡುತ್ತಿರುವಾಗ ನಾವು ಅಳೆದೆವು: ಬ್ಯಾಟರಿಯ ತುದಿಯಲ್ಲಿ ೧೩.೮ ವೋಲ್ಟು, ಬಲ್ಬಿನ ಬಳಿ ೧೨.೧. ನಡುವೆ ೧.೭ ವೋಲ್ಟು ಹಳೆಯ ಸ್ವಿಚ್ಚಿನಲ್ಲಿಯೂ ತುಕ್ಕು ಹಿಡಿದ ನೆಲದ ಜೋಡಣೆಯಲ್ಲಿಯೂ ಕಳೆದುಹೋಗುತ್ತಿತ್ತು. ಜೋಡಣೆಗಳನ್ನು ಉಜ್ಜುಕಾಗದದಿಂದ ತಿಕ್ಕಿ, ಫ್ಯೂಸು ಸಹಿತವಾದ ರಿಲೇ ಒಂದನ್ನು ಹಾಕಿ, ದಪ್ಪ ತಂತಿಯಿಂದ ಬ್ಯಾಟರಿಯ ವಿದ್ಯುತ್ತನ್ನು ನೇರವಾಗಿ ಕೊಟ್ಟಾಗ ಬಲ್ಬಿನ ಬಳಿ ೧೩.೪ ಬಂತು. ಲೆಕ್ಕಕ್ಕೆ ಸಿಕ್ಕುವಂತೆ ಇದು ಶೇಕಡ ೪೦ರಷ್ಟು ಹೆಚ್ಚು ಬೆಳಕು, ಅದೇ ನ್ಯಾಯವಾದ ಬಲ್ಬಿನಿಂದ. ಆಮೇಲೆ ಕಾರನ್ನು ಗೋಡೆಯೊಂದರೆದುರು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ದೀಪದ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆದು, ತಗ್ಗಿಸಿದ ಬೆಳಕಿನ ಮೇಲಂಚು ಆ ಗೆರೆಗಿಂತ ಕೆಳಗೆ ಬರುವಂತೆ ತಿರುಪಿನಿಂದ ಹೊಂದಿಸಿದೆವು.

ಇಷ್ಟೆಲ್ಲ ಮಾಡಿದ ನಾವು ಮಾಡದೆ ಬಿಟ್ಟದ್ದು ಒಂದಿತ್ತು. ಅದನ್ನು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಮೇಲುಕೋಟೆಯ ವೈರಮುಡಿ ಉತ್ಸವದ ಸಂದಣಿ ಕರಗಿದ ಮೇಲೆ ಒಂದು ಭಾನುವಾರ ತಾಯಿಯವರನ್ನೂ ಮನೆಯವರನ್ನೂ ಮಗಳನ್ನೂ ಕರೆದುಕೊಂಡು ಬೆಟ್ಟಕ್ಕೆ ಹೋಗಿದ್ದೆವು. ಏರುವಾಗ ಕಾರು ಎಂದೂ ಇಲ್ಲದಷ್ಟು ಹುರುಪಿನಿಂದ ಏರಿತು, ನಮಗೂ ಹೆಮ್ಮೆಯಾಯಿತು. ಇಳಿಯುವಾಗ ಮೂರನೆಯ ಗೇರಿನಲ್ಲಿಯೇ, ತಿರುವು ತಿರುವಿನಲ್ಲಿ ಬ್ರೇಕನ್ನು ಒತ್ತುತ್ತ ಬಂದೆವು. ಅರ್ಧ ಇಳಿದಿದ್ದಾಗ ಪೆಡಲು ಒದ್ದೆ ಬಟ್ಟೆಯನ್ನು ತುಳಿದಂತೆ ಮೆತ್ತಗಾಗಿ ನೆಲದವರೆಗೆ ಹೋಯಿತು. ಕಾರು ನಿಧಾನವಾಗಲಿಲ್ಲ. "ಯಾಕಪ್ಪಾ ಇಷ್ಟು ಬಿರ್ರನೆ ಇಳಿಸ್ತೀಯ?" ಎಂದು ತಾಯಿಯವರು ಹಿಂದಿನಿಂದ ಕೇಳಿದರು. ಉತ್ತರ ಕೊಡಲು ಬಾಯಿ ಬರಲಿಲ್ಲ. ಎರಡನೆಯ ಗೇರಿಗೆ ಇಳಿಸಿ, ಕೈಬ್ರೇಕನ್ನು ಮೆಲ್ಲಮೆಲ್ಲನೆ ಎಳೆಯುತ್ತ, ಬೆಟ್ಟದ ಕಡೆಯ ಮಣ್ಣಿನ ದಂಡೆಗೆ ಚಕ್ರವನ್ನು ಒರಗಿಸಿ ನಿಲ್ಲಿಸಿದೆವು. ಅರ್ಧ ಗಂಟೆಯ ಮೇಲೆ ಪೆಡಲು ತಾನಾಗಿಯೇ ಗಟ್ಟಿಯಾಯಿತು.

ಆ ಅರ್ಧ ಗಂಟೆಯಲ್ಲಿ ಕಲ್ಲಿನ ಮೇಲೆ ಕುಳಿತು ಮನಸ್ಸಿನಲ್ಲಿಯೇ ಮಾಡಿದ ಲೆಕ್ಕ ಹೀಗಿದೆ. ಕಾರು ಸುಮಾರು ೬೫೦ ಕಿಲೋಗ್ರಾಂ. ನಾವೂ ನಮ್ಮ ಸಾಮಾನೂ ಸೇರಿ ೯೦೦ ಎನ್ನೋಣ. ೧೫೦ ಮೀಟರು ಕೆಳಗಿಳಿದರೆ ಕಳೆದುಕೊಳ್ಳುವ ಸ್ಥಾನಶಕ್ತಿ ೧೩ ಲಕ್ಷ ಜೂಲಿಗೂ ಹೆಚ್ಚು. ಎಂಜಿನ್ನಿನ ತಡೆಯನ್ನು ಬಳಸದೆ ಹೋದರೆ ಇದರ ಬಹುಪಾಲು ಬ್ರೇಕಿನ ಕಬ್ಬಿಣಕ್ಕೇ ಬಿಸಿಯಾಗಿ ಸೇರಬೇಕು. ನಾಲ್ಕು ಚಕ್ರಗಳ ಬ್ರೇಕಿನಲ್ಲಿ ೧೫ ಕಿಲೋಗ್ರಾಂ ಕಬ್ಬಿಣವಿದೆಯೆಂದು ಹಿಡಿದು, ಗಾಳಿಗೆ ಹೋಗುವ ಬಿಸಿಯನ್ನು ಬಿಟ್ಟರೆ, ಉಷ್ಣತೆ ೧೯೦ ಡಿಗ್ರಿಗಿಂತ ಹೆಚ್ಚು ಏರುತ್ತದೆ. ಮುಂದಿನ ಚಕ್ರಗಳಿಗೆ ಹೊರೆ ಹೆಚ್ಚಾದುದರಿಂದ ಅಲ್ಲಿ ಇನ್ನೂ ಅಧಿಕ. ಬ್ರೇಕಿನ ಒತ್ತಡವನ್ನು ಸಾಗಿಸುವ ಎಣ್ಣೆಗೆ ತೇವವನ್ನು ಹೀರುವ ಗುಣವಿದೆ. ಡಾಟ್ ೩ ಎಂಬ ದರ್ಜೆಯ ಎಣ್ಣೆ ಹೊಸದಾಗಿದ್ದಾಗ ಕನಿಷ್ಠ ೨೦೫ ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಈ ಮಿತಿ ೧೪೦ಕ್ಕೆ ಇಳಿಯುತ್ತದೆ. ಕುದಿದು ಆವಿಯಾದರೆ ಕೊಳವೆಯಲ್ಲಿ ದ್ರವದ ಬದಲು ಗುಳ್ಳೆಗಳಿರುತ್ತವೆ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಆದುದರಿಂದ ಕಾಲಿನ ಬಲವೆಲ್ಲ ಗುಳ್ಳೆಗಳನ್ನು ಅದುಮುವುದರಲ್ಲೇ ಮುಗಿಯುತ್ತದೆ. ತಣ್ಣಗಾದಾಗ ಆವಿ ಮತ್ತೆ ದ್ರವವಾಗಿ ಪೆಡಲು ಗಟ್ಟಿಯಾಗುತ್ತದೆ, ಏನೂ ಆಗಲೇ ಇಲ್ಲವೆಂಬಂತೆ.

ಮಾರನೆಯ ದಿನ ಪಾಂಡವಪುರದ ಮೆಕ್ಯಾನಿಕ್ಕರೊಬ್ಬರು ಹಳೆಯ ಎಣ್ಣೆಯನ್ನು ಬಾಟಲಿಗೆ ಇಳಿಸಿ ತೋರಿಸಿದರು. ಜೇನಿನ ಬಣ್ಣವಿರಬೇಕಾದದ್ದು ಕಾಫಿಯ ಕಷಾಯದಂತಿತ್ತು. ಎರಡು ವರ್ಷಕ್ಕೊಮ್ಮೆ ಇದನ್ನು ಬದಲಿಸಬೇಕು. ಅವರ ಕಣ್ಣೆದುರಿನಲ್ಲಿಯೇ ನಾವು ಕೆಲಸವನ್ನು ಕಲಿತೆವು: ಒಬ್ಬರು ಪೆಡಲು ಒತ್ತಿ ಹಿಡಿಯ‌ಬೇಕು, ಇನ್ನೊಬ್ಬರು ಅತಿ ದೂರದ ಚಕ್ರದಿಂದ ಮೊದಲುಮಾಡಿ ಒಂದೊಂದರ ತಿರುಪನ್ನೂ ಸಡಿಲಿಸಿ ಗುಳ್ಳೆಗಳು ನಿಲ್ಲುವವರೆಗೆ ಎಣ್ಣೆಯನ್ನು ಬಿಡಬೇಕು. ಮೊದಲ ಬಾರಿಗೆ ಮಾಡುವವರು ಬಲ್ಲವರನ್ನು ಪಕ್ಕದಲ್ಲಿಟ್ಟುಕೊಳ್ಳದೆ ಇದಕ್ಕೆ ಕೈಹಾಕಬಾರದು. ಜಾಕಿನ ಮೇಲೆ ಮಾತ್ರ ನಿಂತ ಕಾರಿನ ಅಡಿಗೆ ತಲೆ ಹಾಕುವುದಂತೂ ಯಾರಿಗೂ ಸಲ್ಲದು. ಗಟ್ಟಿಯಾದ ಸ್ಟ್ಯಾಂಡುಗಳು ಬೇಕು, ಇಟ್ಟಿಗೆ ಪುಡಿಯಾಗುತ್ತದೆ.

ಸಿಂಗಾರದ ವಿಷಯದಲ್ಲಿ ಕಾನೂನು ಏನನ್ನುತ್ತದೆಂಬುದನ್ನು ಎರಡು ಮಾತಿನಲ್ಲಿ ಹೇಳಬಹುದು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನಂತೆ, ನೋಂದಣಿಯ ಪತ್ರದಲ್ಲಿರುವ ವಿವರಕ್ಕೂ ತಯಾರಕರು ಮೂಲದಲ್ಲಿ ಗೊತ್ತುಮಾಡಿದ್ದಕ್ಕೂ ವ್ಯತ್ಯಾಸವಾಗುವಂತಹ ಮಾರ್ಪಾಟನ್ನು ಮಾಡಕೂಡದು. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಬಣ್ಣವನ್ನು ಬೇರೆ ಮಾಡುವುದಾದರೆ ಮಂಡ್ಯದ ಅಥವಾ ನಾಗಮಂಗಲದ ಸಾರಿಗೆ ಕಚೇರಿಯಲ್ಲಿ ತಿಳಿಸಿ ಬರೆಯಿಸಬೇಕು. ಮುಂದಿನ ಹಿಂದಿನ ಗಾಜುಗಳಲ್ಲಿ ಶೇಕಡ ೭೦, ಪಕ್ಕದವುಗಳಲ್ಲಿ ಶೇಕಡ ೫೦ರಷ್ಟಾದರೂ ಬೆಳಕು ಹಾಯಬೇಕು. ಶೇಕಡ ೭೫ರಷ್ಟು ಬೆಳಕು ಬಿಡುವ ಗಾಜಿನ ಮೇಲೆ ಶೇಕಡ ೫೦ರ ಹಾಳೆ ಅಂಟಿಸಿದರೆ ಉಳಿಯುವುದು ೫೦ ಅಲ್ಲ, ಮೂವತ್ತೇಳೂವರೆ; ಅಂಗಡಿಯವರು ಈ ಗುಣಾಕಾರವನ್ನು ಹೇಳುವುದಿಲ್ಲ. ಸೈಲೆನ್ಸರ್ ತೆಗೆಯುವುದರಿಂದ ಸದ್ದು ಹೆಚ್ಚುವಷ್ಟು ಬಲ ಹೆಚ್ಚುವುದಿಲ್ಲ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕಾದುದರಿಂದ, ಇಂತಹ ಮಾರ್ಪಾಟುಗಳೆಲ್ಲ ತಪಾಸಣೆಯ ದಿನ ಒಟ್ಟಾಗಿ ಎದುರು ನಿಲ್ಲುತ್ತವೆ. ಆಸನ, ಹೊದಿಕೆ, ಹಾಡಿನ ಪೆಟ್ಟಿಗೆ, ಸ್ಟೀರಿಂಗಿನ ಮೇಲಿನ ಚರ್ಮ, ಕನ್ನಡಿಗೆ ತೂಗಿಬಿಡದೆ ಡ್ಯಾಷ್‌ಬೋರ್ಡಿಗೆ ಅಂಟಿಸಿದ ಗಣಪತಿ, ಇವುಗಳಿಗೆ ಯಾರ ಅಡ್ಡಿಯೂ ಇಲ್ಲ.

ಮೇಲುಕೋಟೆಯ ಕಥೆಯನ್ನು ಹುಡುಗನಿಗೆ ಹೇಳಿದೆವು. ಅವನು ಆಗ ಏನೂ ಅನ್ನಲಿಲ್ಲ. ಎರಡು ವಾರ ಕಳೆದು ಕಾರನ್ನು ತಂದಾಗ ಅದು ಹಳೆಯ ೧೨ ಅಂಗುಲದ ಚಕ್ರಗಳ ಮೇಲೆ ನಿಂತಿತ್ತು. ದೊಡ್ಡ ಚಕ್ರಗಳನ್ನು ನಷ್ಟಕ್ಕೇ ಮಾರಿ, ಬಂದ ಹಣದಲ್ಲಿ ಬ್ರೇಕಿನ ಎಣ್ಣೆಯನ್ನೂ ಪ್ಯಾಡುಗಳನ್ನೂ ಇಂಧನದ ಕೊಳವೆಗಳನ್ನೂ ಬದಲಿಸಿದ್ದನು. ಉಳಿದ ಚಿಲ್ಲರೆಗೆ ಎರಡು ರಿಲೇ ಕೊಂಡಿದ್ದನು. ತಂದೆಯವರ ಟ್ರ್ಯಾಕ್ಟರಿನ ಟ್ರೇಲರಿಗೆ ಹಿಂಬದಿಯಲ್ಲಿ ಕೆಂಪು ಪ್ರತಿಫಲನ ಪಟ್ಟಿಯನ್ನೂ ಅಂಟಿಸಿದ್ದಾಗಿ ಹೇಳಿದನು. ಕಾರಿನೊಳಗೆ ಬಗ್ಗಿ ನೋಡಿದೆವು. ಕೆಂಪು ಹೊದಿಕೆ ಹಾಗೆಯೇ ಇತ್ತು.